‘ಹೊಳೆ ಮೀನಿಗೆ ಅಲರ್ಜಿ ಇಲ್ಲ’ ಎಂಬುದು ನಿಜವೆ?

ಸಮುದ್ರದ ಮೀನು ಒಗ್ಗದವರು ಹೊಳೆ, ಕೆರೆಗಳ ಮೀನನ್ನು ಧಾರಾಳವಾಗಿ ತಿನ್ನಬಹುದು ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಗಾದಿಗನೂರು, ಹೊಸಪೇಟೆಗಳ ಸುತ್ತ ಇದು ಬಲು ಅನುಕೂಲದ ಮಾತು. ತುಂಗಭದ್ರಾ ಜಲಾಶಯದ ಕಾಟ್ಲಾ, ರೋಹು ಹತ್ತಿರದಲ್ಲೇ ಸಿಗುತ್ತವೆ. ಆರೋಗ್ಯದ ಅಂಕಣಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಸುರಕ್ಷಿತ ಮೀನು’ಗಳ ಪಟ್ಟಿಯನ್ನೇ ಕೊಡುತ್ತವೆ. ತೀವ್ರ ಅಲರ್ಜಿಯಲ್ಲಿ ಉಸಿರುಗಟ್ಟಿ ಜೀವ ಹೋಗಬಹುದು. ಆದ್ದರಿಂದ ಈ ಮಾತನ್ನು ಪರೀಕ್ಷಿಸದೆ ಬಿಡುವಂತಿಲ್ಲ.

ನೀರಿನ ಉಪ್ಪಿಗೂ ಅಲರ್ಜಿಗೂ ಸಂಬಂಧವಿಲ್ಲ. ಹೆಚ್ಚಿನ ರೋಗಿಗಳಲ್ಲಿ ಒಗ್ಗದಿಕೆಗೆ ಕಾರಣ ಮೀನಿನ ಸ್ನಾಯುವಿನಲ್ಲಿರುವ ಪಾರ್ವಾಲ್ಬುಮಿನ್ ಎಂಬ ಪುಟ್ಟ ಪ್ರೋಟೀನು. ಅದರ ಅಣುತೂಕ ಸುಮಾರು 12,000. ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ರೆಟ್ಸಿಂಗರ್ ಮತ್ತು ನಾಕಲ್ಡ್ಸ್ ಎಕ್ಸ್-ಕಿರಣಗಳ ನೆರವಿನಿಂದ ಬಿಡಿಸಿದ ಇದರ ರಚನೆ 1973ರಲ್ಲಿ ಪ್ರಕಟವಾಯಿತು. ತೋರುಬೆರಳು, ಹೆಬ್ಬೆರಳುಗಳ ನಡುವಿನ ಬಾಗಿನಲ್ಲಿ ಕ್ಯಾಲ್ಸಿಯಂ ಅಯಾನನ್ನು ಹಿಡಿದಂತಿರುವ ‘ಇಎಫ್ ಹಸ್ತ’ ಪಠ್ಯಪುಸ್ತಕಗಳಿಗೆ ಬಂದದ್ದು ಅಲ್ಲಿಂದಲೇ. ಅವರು ಬಳಸಿದ ಮೀನು ಯಾವುದು ಗೊತ್ತೆ? ಸಿಹಿನೀರಿನ ಕಾರ್ಪ್! ನಮ್ಮ ಕಾಟ್ಲಾ, ರೋಹುಗಳೂ ಅದೇ ಬಳಗದವು. 2002ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಕಾರ್ಪ್ ಪಾರ್ವಾಲ್ಬುಮಿನ್‌ಗೆ, ಕಾಡ್, ಟ್ಯೂನಾ, ಸಾಲ್ಮನ್‌ಗಳನ್ನು ಗುರುತಿಸುವ ಪ್ರತಿಕಾಯಗಳಲ್ಲಿ ಬಹುಪಾಲು ಅಂಟಿಕೊಂಡವು. ಕ್ಯಾಲ್ಸಿಯಂ ಬಿಗಿಹಿಡಿದಿರುವುದರಿಂದ ಸಾಧಾರಣ ಕುದಿತಕ್ಕೆ ಈ ಪ್ರೋಟೀನು ಜಗ್ಗುವುದೂ ಇಲ್ಲ.

ಈ ನಂಬಿಕೆ ಹುಟ್ಟಿದ್ದಾದರೂ ಹೇಗೆ? ಕರಾವಳಿಯಿಂದ ಬಹುದೂರ ಬರುವ ಬಂಗುಡೆಗೆ ಐಸ್ ಸಾಲದಿದ್ದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಉಂಟುಮಾಡುತ್ತವೆ. ತಿಂದವರ ಮುಖ ಕೆಂಪೇರಿ ಮೈ ತುರಿಸುತ್ತದೆ. ಇದು ವಿಷಬಾಧೆ, ಅಲರ್ಜಿಯಲ್ಲ. ಆದರೆ ಅಪವಾದ ಸಮುದ್ರದ ಮೇಲೆ ಬಂದಿರಬೇಕೆಂದು ನನ್ನ ಊಹೆ.

ಪಟ್ಟಿಗಳಲ್ಲಿ ಸತ್ಯಾಂಶವೇ ಇಲ್ಲವೆನ್ನಲಾಗದು. ಟ್ಯೂನಾದಲ್ಲಿ ಪಾರ್ವಾಲ್ಬುಮಿನ್ ಕಡಿಮೆ. ತೊರಕೆ, ಶಾರ್ಕ್‌ಗಳಂಥ ಮೃದ್ವಸ್ಥಿ ಮೀನುಗಳಲ್ಲಿರುವುದು ಬೇರೆ ಬಗೆಯದು; 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೀನಿನ ಅಲರ್ಜಿಯವರಲ್ಲಿ ಹೆಚ್ಚಿನವರು ತೊರಕೆಯನ್ನು ತೊಂದರೆಯಿಲ್ಲದೆ ತಿಂದರು. ಆದರೆ ಪಟ್ಟಿಕಾರರು ಮರೆಯುವುದು ಒಂದಿದೆ. ಆ ಪ್ರಯೋಗ ನಡೆದದ್ದು ವೈದ್ಯರ ಕಣ್ಣೆದುರು, ಅಲ್ಪ ಪ್ರಮಾಣದಿಂದ ಆರಂಭಿಸಿ. ಕೆಲವರಿಗೆ ಒಂದೇ ಜಾತಿಯ ಮೀನು ಒಗ್ಗದು, ಕೆಲವರಿಗೆ ಎನೊಲೇಸ್, ಆಲ್ಡೊಲೇಸ್‌ಗಳಂಥ ಬೇರೆಯೇ ಪ್ರೋಟೀನುಗಳು ಒಗ್ಗವು. ‘ಸುರಕ್ಷಿತ’ ಎಂಬ ಪದದ ಮುಂದೆ ‘ಯಾರಿಗೆ?’ ಎಂದು ಕೇಳದ ಪಟ್ಟಿ ಅರ್ಧ ವಾಕ್ಯವಷ್ಟೆ. ಉತ್ತರ ಸಿಗುವುದು ಚರ್ಮ ಮತ್ತು ರಕ್ತಪರೀಕ್ಷೆಗಳ ಬಳಿಕ, ಅಡ್ರಿನಲಿನ್ ಸಿದ್ಧವಿರುವ ಆಸ್ಪತ್ರೆಯಲ್ಲಿ ತಿನ್ನಿಸಿ ನೋಡಿದಾಗ.

ಅಲ್ಲಿ ತೊರಕೆ ಒಗ್ಗಿತೆನ್ನಿ. ಹೋಟೆಲಿನಲ್ಲಿ ಅದನ್ನು ರೋಹು ಕರಿದ ಎಣ್ಣೆಯಲ್ಲೇ ಕರಿದಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.