ಕೆಳಗಿನ ಪಟ್ಟಿಕೆ

ಎರಡು ವರ್ಷಗಳ ಹಿಂದೆ ಗೆಳೆಯನೊಬ್ಬ ಪ್ಯಾರಾಗ್ಲೈಡಿಂಗ್ ಮಾಡುವಾಗ ಬಿದ್ದು ತೀರಿಕೊಂಡ. ವಾರವಿಡೀ ಆಫೀಸು, ರಜೆ ಸಿಕ್ಕರೆ ಬೆಟ್ಟ. ಹಾರಾಟ ಅವನಿಗೆ ಹೊಟ್ಟೆಪಾಡಾಗಿರಲಿಲ್ಲ, ಹುಚ್ಚಾಗಿತ್ತು. ಜೊತೆಗೆ ಹಾರುತ್ತಿದ್ದವರು ಅವನ ನೆನಪಿಗೆ ಒಂದು ಪುಸ್ತಿಕೆ ತಂದರು. ನಾನೂ ಒಂದು ಪುಟ ಬರೆದೆ. 'ತನಗೆ ಪ್ರಿಯವಾದದ್ದನ್ನು ಮಾಡುತ್ತಲೇ ಹೊರಟುಹೋದ' ಎಂಬುದು ಅದರ ಕೊನೆಯ ವಾಕ್ಯ. ಓದಿದ ಮೇಲೆ ಅವನ ತಾಯಿ ಫೋನ್ ಮಾಡಿದರು. "ಎಲ್ಲರೂ ಚೆನ್ನಾಗೇ ಬರೆದಿದ್ದೀರಪ್ಪ. ಆದರೆ ಏನಾಯ್ತು ಅಂತ ಒಬ್ಬರೂ ಬರೆದಿಲ್ಲವಲ್ಲ."

ಅಂದಿನಿಂದ, ಖುಷಿಗಾಗಿ ಹಾರಿ ಪ್ರಾಣ ಕಳೆದುಕೊಂಡವರ ಕುರಿತ ಬರಹ ಎಲ್ಲಿ ಸಿಕ್ಕರೂ ಓದುತ್ತಿದ್ದೇನೆ. ಅವುಗಳಿಗೆ ತಮ್ಮದೇ ಒಂದು ನುಡಿಗಟ್ಟಿದೆ. ಇಂಗ್ಲಿಷಿನ ವಿಮಾನಪ್ರಿಯರು ಸತ್ತವರನ್ನು 'ಪಶ್ಚಿಮಕ್ಕೆ ಹಾರಿದರು' ಎನ್ನುತ್ತಾರೆ. ನಮ್ಮಲ್ಲಿ ಶಿವಾಧೀನ, ವೈಕುಂಠವಾಸಿ ಎಂಬ ಮಾತುಗಳಿರುವಂತೆ ಅವರಲ್ಲಿ ಇದು. ಸಾವಿನ ಮನೆಯಲ್ಲಿ ಇಂಥ ಮಾತು ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಅಳುಕು ನಾನು ಬರೆದ ವಾಕ್ಯದ ಬಗ್ಗೆಯೇ. ಅವನಿಗೆ ಪ್ರಿಯವಾದದ್ದು ಹಾರುವುದು, ಬೀಳುವುದಲ್ಲ. ಕೊನೆಯ ಕ್ಷಣಗಳಲ್ಲಿ ಅವನು ಪ್ರಿಯವಾದದ್ದನ್ನು ಮಾಡುತ್ತಿರಲಿಲ್ಲ, ಬದುಕಿಕೊಳ್ಳಲು ಹೆಣಗುತ್ತಿದ್ದ. ನನ್ನ ವಾಕ್ಯ ಆ ಹೆಣಗಾಟವನ್ನು ಅಳಿಸಿಹಾಕಿತ್ತು.

ಈ ಅಳಿಸುವಿಕೆ ಹಳೆಯದು. ಜರ್ಮನಿಯ ಎಂಜಿನಿಯರ್ ಓಟೋ ಲಿಲಿಯೆಂಥಾಲ್ ಹಕ್ಕಿಗಳ ಹಾರಾಟವನ್ನು ಅಭ್ಯಾಸ ಮಾಡಿ 1889ರಲ್ಲಿ ಪುಸ್ತಕ ಬರೆದವನು. ಬರ್ಲಿನ್ನಿನ ಬಳಿ ಗುಡ್ಡವೊಂದನ್ನೇ ಕಟ್ಟಿಸಿಕೊಂಡು ಅದರ ಮೇಲಿಂದ ಹಾರುತ್ತಿದ್ದವನು, ಹಾರುವ ಆಸೆಯಿದ್ದವರಿಗೆ ತನ್ನ ಗ್ಲೈಡರುಗಳನ್ನು ಮಾರಿದವನು. 1896ರ ಆಗಸ್ಟ್ 9ರಂದು ಬಿದ್ದು ಬೆನ್ನುಮೂಳೆ ಮುರಿದು, ಮರುದಿನ ತೀರಿಕೊಂಡ. ಬಲಿಗಳು ಸಲ್ಲಲೇಬೇಕು ಎಂಬರ್ಥದ ಮಾತು ಅವನ ಸಮಾಧಿಯ ಮೇಲಿದೆ. ಅದು ಅವನ ಕೊನೆಯ ನುಡಿಯೆಂದು ಪ್ರಸಿದ್ಧಿ. ಆದರೆ ಅವನು ಹಾಗೆಂದನೆನ್ನಲು ಗಟ್ಟಿ ಆಧಾರವಿಲ್ಲ. ಆ ವಾಕ್ಯದಲ್ಲಿ ಕರ್ತೃಪದವೇ ಇಲ್ಲದಿರುವುದನ್ನು ಗಮನಿಸಿ. ಬಲಿಯೆಂದರೆ ಕೊಡುವವನೊಬ್ಬನಿರಬೇಕು, ಕೊಳ್ಳುವ ದೇವತೆಯಿರಬೇಕು. ಲಿಲಿಯೆಂಥಾಲ್‌ನನ್ನು ಯಾರೂ ಬಲಿ ಕೇಳಿರಲಿಲ್ಲ. ಮೈಯನ್ನು ಅತ್ತಿತ್ತ ತೂಗಿ ಸಮತೋಲ ಹಿಡಿಯುವ ಅವನ ಗ್ಲೈಡರ್ ಆ ದಿನದ ಗಾಳಿಗೆ ಮೂಗೆತ್ತಿ ನಿಂತುಬಿಟ್ಟಿತು. ಅದನ್ನು ಸರಿಪಡಿಸಲು ಮೈಯ ತೂಕ ಸಾಲಲಿಲ್ಲ. 'ಬಲಿ' ಎಂದ ಕೂಡಲೇ ಇದೆಲ್ಲ ಮರೆಗೆ ಸರಿದು ವಿಧಿಯೊಂದೇ ಉಳಿಯುತ್ತದೆ.

ಇದೇ ಸಾವನ್ನು ಬೇರೆ ಬಗೆಯಲ್ಲಿ ನೆನೆದವನು ವಿಲ್ಬರ್ ರೈಟ್. 1901ರಲ್ಲಿ ಶಿಕಾಗೋದ ಎಂಜಿನಿಯರುಗಳ ಎದುರು ಮಾಡಿದ ಭಾಷಣದಲ್ಲಿ, ಹಾರಾಟದಲ್ಲಿ ತನ್ನ ಆಸಕ್ತಿ ಚಿಗುರಿದ್ದೇ ಲಿಲಿಯೆಂಥಾಲ್‌ನ ಸಾವಿನ ಸುದ್ದಿಯಿಂದ ಎಂದ. ಅನಂತರ ಅವನು ಹಾಕಿದ್ದು ಒಂದು ಲೆಕ್ಕ: ಐದು ವರ್ಷಗಳಲ್ಲಿ ಲಿಲಿಯೆಂಥಾಲ್ ನಿಜವಾಗಿ ಗಾಳಿಯಲ್ಲಿದ್ದದ್ದು ಒಟ್ಟು ಸುಮಾರು ಐದು ಗಂಟೆ ಮಾತ್ರ. ಅಷ್ಟರಲ್ಲೇ ಅಷ್ಟು ಸಾಧಿಸಿದನಲ್ಲ ಎಂಬುದೇ ಅವನ ಬೆರಗು. ಮೊದಲ ಓದಿಗೆ ಇದು ಒಣ ಲೆಕ್ಕಾಚಾರ. ನನಗೆ ಮಾತ್ರ ಇದು ಸಮಾಧಿಯ ಮಾತಿಗಿಂತ ಹೆಚ್ಚು ಮಮತೆಯದಾಗಿ ಕಾಣುತ್ತದೆ. ಆ ಐದು ಗಂಟೆಯನ್ನು ಕೂಡಿಸಲು ಸತ್ತವನ ಒಂದೊಂದು ಜಿಗಿತವನ್ನೂ ಮನಸ್ಸಿನಲ್ಲಿ ಎಣಿಸಿರಬೇಕು. ರೈಟ್ ಸೋದರರು ತಮ್ಮ ಗ್ಲೈಡರಿನ ಏರಿಳಿತದ ಫಲಕವನ್ನು ಮುಂಭಾಗದಲ್ಲಿಟ್ಟದ್ದರ ಹಿಂದೆಯೂ ಆ ಸಾವಿನ ನೆನಪಿತ್ತು. 19ನೆಯ ಶತಮಾನದಲ್ಲಿ ಈ ಸಮಸ್ಯೆಗೆ ಕೈಹಾಕಿದವರಲ್ಲೆಲ್ಲ ಲಿಲಿಯೆಂಥಾಲನೇ ಮುಖ್ಯನೆಂದು ಆಮೇಲೆ ಬರೆದದ್ದು ಲೆಕ್ಕ ಹಾಕಿದ ಅದೇ ಕೈ. ವಿಲ್ಬರ್ ತೀರಿಕೊಂಡ ಮೇಲೆ, 1912ರಲ್ಲಿ, ಆ ಲೇಖನ ಅಚ್ಚಾಯಿತು.

ವಿವರ ಮನುಷ್ಯನನ್ನು ಸಣ್ಣವನನ್ನಾಗಿಸೀತು ಎಂಬ ಭಯ ನಮಗಿದೆ. ಲಿಲಿಯೆಂಥಾಲ್‌ನಿಂದ ಗ್ಲೈಡರ್ ಕೊಂಡಿದ್ದ ಇಂಗ್ಲೆಂಡಿನ ಪರ್ಸಿ ಪಿಲ್ಚರ್‌ನ ಕತೆ ನೋಡಿ. 1899ರ ಸೆಪ್ಟೆಂಬರ್ 30ರಂದು ಅವನು ತನ್ನ ಎಂಜಿನ್ ಇರುವ ವಿಮಾನವನ್ನು ತೋರಿಸಬೇಕಿತ್ತು. ಎಂಜಿನ್ ಮುರಿದಿತ್ತು, ಹವೆ ಕೆಟ್ಟಿತ್ತು. ಬಂದ ಅತಿಥಿಗಳನ್ನು ಬರಿಗೈಯಲ್ಲಿ ಕಳಿಸಲಾರದೆ ಹಳೆಯ ಗ್ಲೈಡರಿನಲ್ಲಿ ಹಾರಿದ. ಬಾಲ ಮುರಿದು ಬಿದ್ದು ಎರಡು ದಿನಗಳ ಬಳಿಕ ಸತ್ತ. ವಯಸ್ಸು 32. 'ಹುತಾತ್ಮ' ಎಂದರೆ ಅವನು ನನ್ನಿಂದ ದೂರ ಸರಿಯುತ್ತಾನೆ. ಅತಿಥಿಗಳ ಮುಂದೆ ಸಂಕೋಚಪಟ್ಟವನು ಎಂದರೆ ಪಕ್ಕದ ಮನೆಯವನಾಗುತ್ತಾನೆ. ಅಪಘಾತದ ವರದಿಗಳು ಇಂಥದ್ದನ್ನೆಲ್ಲ 'ಚಾಲಕನ ತಪ್ಪು' ಎಂಬ ಎರಡೇ ಪದಗಳಲ್ಲಿ ಮುಗಿಸಿಬಿಡುವುದುಂಟು. ಶ್ರದ್ಧಾಂಜಲಿ ತಪ್ಪನ್ನು ಮರೆಸಿದರೆ, ವರದಿ ಮನುಷ್ಯನನ್ನು ಮರೆಸುತ್ತದೆ.

ಎರಡನ್ನೂ ಒಂದೇ ಕಡೆ ಇಟ್ಟುಕೊಳ್ಳುವ ಮಾದರಿ ನಮ್ಮ ಊರುಗಳ ಅಂಚಿನಲ್ಲೇ ನಿಂತಿದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ. ಮೇಲಿನದರಲ್ಲಿ ಶಿವಸಾನ್ನಿಧ್ಯ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಕೆಳಗೆ ಅವನು ಸತ್ತ ಕಾಳಗ. ನನ್ನ ಗೆಳೆಯ ಯುದ್ಧವೀರನೇನಲ್ಲ, ಅವನನ್ನು ಹಾಗೆ ಮಾಡುವುದು ಇನ್ನೊಂದು ಸುಳ್ಳು. ಕಲ್ಲುಕುಟಿಗ ಸ್ವರ್ಗ ತೋರಿಸುವ ಅವಸರದಲ್ಲಿ ಕೆಳಗಿನ ಪಟ್ಟಿಕೆಯನ್ನು ಬಿಡಲಿಲ್ಲ ಎಂಬುದಷ್ಟೇ ನನಗೆ ಮುಖ್ಯ. ನಮ್ಮ ಪುಸ್ತಿಕೆಯಲ್ಲಿ ಮೇಲಿನ ಎರಡೇ ಇದ್ದವು.

ಕಳೆದ ತಿಂಗಳು ಆ ಪುಟವನ್ನು ಮತ್ತೆ ಬರೆದೆ. ಮಧ್ಯಾಹ್ನ ಗಾಳಿ ಕೆದರಿತ್ತು. ಇಬ್ಬರು ಗೆಳೆಯರು ಹಾರದೆ ಕಾದು ಕೂತರು. ರಜೆಯ ಕೊನೆಯ ದಿನವೆಂದು ಇವನು ಹೊರಟ. ಇಳಿಯುವ ಬಯಲಿಗೆ ತುಸು ಮೊದಲು ರೆಕ್ಕೆಯ ಒಂದು ಬದಿ ಮಡಚಿಕೊಂಡಿತು. ಮೀಸಲು ಪ್ಯಾರಾಚೂಟನ್ನು ಎಸೆದಿದ್ದ, ಅದು ಬಿಚ್ಚಿಕೊಳ್ಳುವಷ್ಟು ಎತ್ತರವಿರಲಿಲ್ಲ. ಇಷ್ಟನ್ನು ಬರೆದು ತಾಯಿಗೆ ಕಳಿಸಿ ಹೆದರಿ ಕೂತಿದ್ದೆ.

ಸಂಜೆ ಅವರೇ ಫೋನ್ ಮಾಡಿದರು. "ಬೆಳಿಗ್ಗೆ ನನ್ನ ಹತ್ತಿರ ಮಾತಾಡಿದಾಗ, ಇವತ್ತು ಗಾಳಿ ಜಾಸ್ತಿ ಇದೆ ಅಮ್ಮ ಅಂದಿದ್ದ. ಅದನ್ನೂ ಸೇರಿಸು" ಎಂದರು. ಸೇರಿಸಿದ್ದೇನೆ.