ಸವಾರನಿಲ್ಲದ ಕುದುರೆ, ಬಣ್ಣ ಬಳಿದ ಕಾರು

ಕಾರಿನ ಮೈಮೇಲೆ ಬೌದ್ಧ ಚಿತ್ರ ಬರೆಯಹೊರಟವರು ಏನನ್ನು ಬರೆಯಬೇಕು? 'ಆರ್ಟ್ ಕಾರ್'ಗಳ ಚಿತ್ರಗಳನ್ನು ನೋಡುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು. ಬಾನೆಟ್ಟಿನ ಮೇಲೆ ಅರೆಮುಚ್ಚಿದ ಕಣ್ಣಿನ ಬುದ್ಧ, ಬಾಗಿಲುಗಳ ತುಂಬ ತಾವರೆ. ನೋಡಲು ಚೆಂದ. ಆದರೆ ಧ್ಯಾನದ ಮುಖ ನಿಂತು ನೋಡುವವರಿಗಾಗಿ ಇರುವಂಥದ್ದು, ಕಾರೋ ಓಡುವಂಥದ್ದು. 1979ರಲ್ಲಿ ಬಿಎಂಡಬ್ಲ್ಯು ಕಾರಿಗೆ ತಾನೇ ಬಣ್ಣ ಬಳಿದ ಆ್ಯಂಡಿ ವಾರ್ಹೋಲ್‌ಗೆ ಇದು ಗೊತ್ತಿತ್ತು: ವೇಗದಲ್ಲಿ ಗೆರೆಗಳೂ ಬಣ್ಣಗಳೂ ಕಲಸಿಹೋಗುವುದನ್ನೇ ಅವನು ಚಿತ್ರಿಸಿದ. ವಾಹನದ ಸ್ವಭಾವವನ್ನು ಮರೆತ ಚಿತ್ರ ಬರಿಯ ಅಂಟಿಸಿದ ಅಲಂಕಾರ.

ಭೂತಾನಿನ ಲಾರಿಗಳು ಇದಕ್ಕಿಂತ ಜಾಣ. ಅಲ್ಲಿ ಓಡುವ ಲಾರಿಗಳಲ್ಲಿ ಬಹಳಷ್ಟು ನಮ್ಮ ದೇಶದ ಕಾರ್ಖಾನೆಗಳಿಂದಲೇ ಹೋದವು. ಅವುಗಳ ಮುಂಭಾಗಕ್ಕೆ ದೊಡ್ಡ ಕಣ್ಣುಗಳು, ಮೈಗೆ ಡ್ರ್ಯಾಗನ್, ಅಷ್ಟಮಂಗಲ: ಛತ್ರ, ಜೋಡಿಮೀನು, ಕಲಶ, ಪದ್ಮ, ಶಂಖ, ಕೊನೆಯಿಲ್ಲದ ಗಂಟು, ವಿಜಯಧ್ವಜ, ಚಕ್ರ. ಬೆಟ್ಟದ ತಿರುವುಗಳಲ್ಲಿ ಪ್ರಪಾತದ ಅಂಚಿಗೇ ಗಾಡಿ ಓಡಿಸುವವನಿಗೆ ಈ ಕಣ್ಣುಗಳು ಶೋಕಿಯಲ್ಲ, ಕಾವಲು. ಇದು ಧರ್ಮವೋ, ದೃಷ್ಟಿ ನಿವಾರಣೆಯೋ ಎಂದು ಯಾರಾದರೂ ಕೇಳಬಹುದು. ಎರಡೂ ಇರಬಹುದು, ನಮ್ಮ ಲಾರಿಗಳ ನಿಂಬೆಹಣ್ಣು-ಮೆಣಸಿನಕಾಯಿಯ ನಂಟು ಅದಕ್ಕಿದೆ. ಅಲ್ಲಿ ಚಿತ್ರಕ್ಕೆ ಮಾಡಲು ಕೆಲಸವಿದೆ ಎಂಬುದು ನನಗೆ ಮುಖ್ಯ.

ಇನ್ನೂ ಹಿಂದಕ್ಕೆ ಹೋದರೆ ಸಾಂಚಿ. ದೊಡ್ಡ ಸ್ತೂಪದ ಪೂರ್ವ ತೋರಣದಲ್ಲಿ ಸಿದ್ಧಾರ್ಥ ಮನೆ ಬಿಟ್ಟು ಹೊರಟ ಕತೆಯಿದೆ. ಕುದುರೆ ಹೊರಟಿದೆ, ಮೇಲೆ ಛತ್ರಿ ಹಿಡಿದಿದ್ದಾರೆ, ಬೆನ್ನ ಮೇಲೆ ಯಾರೂ ಇಲ್ಲ. ಕೊನೆಗೆ ಹೆಜ್ಜೆಗುರುತು ಮಾತ್ರ, ಕುದುರೆ ಹಿಂದಿರುಗುತ್ತದೆ. ಒಂದು ವಾಹನವನ್ನು ಬೌದ್ಧವಾಗಿ ಚಿತ್ರಿಸುವುದೆಂದರೆ ಇದು. ಮುಖವಿಲ್ಲದೆಯೂ ಬುದ್ಧ ಇದ್ದಾನೆ. ಹೋದವನನ್ನು ಚಲನೆಯೇ ಹೇಳುತ್ತದೆ.

'ಮಿಲಿಂದಪನ್ಹ'ದ ನಾಗಸೇನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ರಥವೇರಿ ಬಂದ ರಾಜನನ್ನು ಅವನು ಕೇಳುತ್ತಾನೆ: ಅಚ್ಚು ರಥವೇ? ಗಾಲಿಯೇ? ನೊಗವೇ? ಯಾವುದೂ ಅಲ್ಲ. ಬಿಡಿಭಾಗಗಳು ಕೂಡಿದಾಗ 'ರಥ' ಎಂಬುದು ನಾವಿಟ್ಟ ಹೆಸರು. 'ನಾಗಸೇನ' ಎಂಬುದೂ ಹಾಗೆಯೇ. 'ನನ್ನ ಕಾರು' ಎನ್ನುವ ಎರಡು ಪದಗಳನ್ನೂ ಈ ಮಾತು ಅಲುಗಾಡಿಸುತ್ತದೆ.

ಅಲಂಕರಿಸಿದ ಕಾರಿನ ಬುದ್ಧನ ಬಗ್ಗೆ ನನ್ನ ತಕರಾರು ಇಲ್ಲೇ ಇದೆ. ಅಹಂಕಾರವನ್ನು ಕಳಚುವ ವಿಚಾರವೊಂದು ಒಡೆಯನ ಅಭಿರುಚಿಯ ಜಾಹೀರಾತಾಗುತ್ತದೆ. ಕಾರಿಗೆ ಬುದ್ಧ ಬೇಡ ಎನ್ನುತ್ತಿಲ್ಲ. ಬಿಸಿಲು, ಧೂಳು, ಮಳೆಗೆ ಬಣ್ಣ ಮಾಸಲಿ. ಅದನ್ನು ಪಾಲಿಷ್ ಮಾಡಿ ಕಾಪಾಡದೆ ಬಿಡುವ ಧೈರ್ಯ ಕಲಾವಿದನಿಗೂ ಒಡೆಯನಿಗೂ ಇರಲಿ. ಅನಿತ್ಯವನ್ನು ಚಿತ್ರಿಸಲು ರಸ್ತೆಗಿಂತ ಒಳ್ಳೆಯ ಗ್ಯಾಲರಿ ಎಲ್ಲಿದೆ?