ಕೋಟೆಯ ಮಣ್ಣು, ಕೆತ್ತುವ ಕೈ: ಬಿದರಿ ಉದ್ಯಮದ ಯಶಸ್ಸನ್ನು ಅಳೆಯುವ ಬಗೆ

ಒಂದು ಕಿರಿದಾದ ಮಾರುಕಟ್ಟೆಯನ್ನೇ ನೆಚ್ಚಿಕೊಂಡ ಉದ್ಯಮ ಗೆದ್ದಿದೆಯೋ ಇಲ್ಲವೋ ಎಂಬುದನ್ನು ಅದರ ವಹಿವಾಟಿನ ಮೊತ್ತದಿಂದ ಅಳೆಯುವುದಕ್ಕಿಂತ, ತನ್ನ ಸರಕಿನ ಬೆಲೆಯನ್ನು ತಾನೇ ಹೇಳುವ ಶಕ್ತಿ ಅದಕ್ಕೆ ಎಷ್ಟಿದೆ ಎಂಬುದರಿಂದ ಅಳೆಯುವುದು ಹೆಚ್ಚು ಸರಿ. ಬೀದರ ಜಿಲ್ಲೆಯಲ್ಲಿ ಈ ಅಳತೆಗೆ ವಿಶೇಷ ಮಹತ್ವವಿದೆ. ಭಾಲ್ಕಿ ತಾಲೂಕಿನ ಸಾಯಗಾಂವ ಹೋಬಳಿಯ ರೈತನ ಕಬ್ಬಿಗೆ ಕೇಂದ್ರ ಸರ್ಕಾರ ಹಂಗಾಮಿಗೊಮ್ಮೆ ಪ್ರಕಟಿಸುವ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಆಧಾರವಾದರೆ, ಅವನ ಸೋಯಾಬೀನಿಗೆ ಲಾತೂರು-ಉದಗೀರ ಪೇಟೆಗಳ ಧಾರಣೆಯೂ ತೊಗರಿಗೆ ಕಲಬುರಗಿಯ ಧಾರಣೆಯೂ ಆಧಾರ. ಔರಾದ ತಾಲೂಕಿನ ಬೆಳೆಗಾರನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಇಂಥ ಜಿಲ್ಲೆಯಲ್ಲಿ ಹೊರಗಿನ ಯಾವ ಪೇಟೆಯೂ ಬೆಲೆ ಕಟ್ಟಲಾರದ ಸರಕು ಯಾವುದಾದರೂ ಇದ್ದರೆ ಅದು ಬಿದರಿ, ಅಂದರೆ ಕಪ್ಪಾಗಿಸಿದ ಲೋಹದ ಮೈಯಲ್ಲಿ ಬೆಳ್ಳಿಯ ಚಿತ್ತಾರ ಕೂರಿಸಿದ ವಸ್ತು. ಹಾಗಿದ್ದೂ ಬಿದರಿ ಕೆತ್ತುವವನು ತನ್ನ ಬೆಲೆಯನ್ನು ತಾನು ಹೇಳುವ ಸ್ಥಿತಿಯಲ್ಲಿ ಏಕೆ ಇಲ್ಲ ಎಂಬುದೇ ಈ ಉದ್ಯಮದ ವಿಮರ್ಶೆ ಎದುರಿಸಬೇಕಾದ ಮುಖ್ಯ ಪ್ರಶ್ನೆ.

ಬಿದರಿಯನ್ನು ಕಲೆಯೆಂದು ವರ್ಣಿಸಿದ ಬರಹಗಳು ಬೇಕಾದಷ್ಟಿವೆ. ಅದನ್ನು ಉದ್ಯಮವೆಂದು ಪರಿಶೀಲಿಸಿದವು ಕಡಿಮೆ. ಉದ್ಯಮವೆಂದು ನೋಡಹೊರಟರೆ ಮೊದಲು ಅದರ ಕೆಲಸದ ಸರಪಳಿಯನ್ನು ತಿಳಿಯಬೇಕಾಗುತ್ತದೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಮೂಸೆಯಲ್ಲಿ ಕರಗಿಸಿ, ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುವುದು ಮೊದಲ ಹಂತ. ಎರಕದ ಒರಟು ಮೈಯನ್ನು ಅರದಿಂದ ಉಜ್ಜಿ ನುಣುಪುಗೊಳಿಸಿ, ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಮೊನೆಯಿಂದ ಚಿತ್ತಾರ ಬರೆಯುವುದು ಎರಡನೆಯದು. ಆ ಗೆರೆಗಳನ್ನು ಉಳಿಯಿಂದ ತೋಡುವುದು ಮೂರನೆಯದಾದರೆ, ತೋಡಿದ ಜಾಡಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುವುದು ನಾಲ್ಕನೆಯದು. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡಿನ ಕೆಲಸಕ್ಕೆ ತೆಹ್‌ನಿಶಾನ್ ಎಂದೂ ಹೆಸರು. ಮತ್ತೊಮ್ಮೆ ಉಜ್ಜಿ ಹೊಳಪು ಕೊಟ್ಟ ಮೇಲೆ, ಬೀದರ ಕೋಟೆಯ ಹಳೆಯ ಗೋಡೆಗಳ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಸತುವಿನ ಮೈ ಮಾತ್ರ ಶಾಶ್ವತವಾಗಿ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಣ್ಣೆ ಸವರುವುದರೊಂದಿಗೆ ಕೆಲಸ ಮುಗಿಯುತ್ತದೆ.

ಮಣ್ಣಿನಿಂದ ಕಪ್ಪಾಗಿಸುವ ಈ ಕೊನೆಯ ಹಂತದ ಸುತ್ತಲೇ ಉದ್ಯಮ ತನ್ನ ಕೀರ್ತಿಯನ್ನು ಕಟ್ಟಿಕೊಂಡಿದೆ. ಬಿಸಿಲು ಮಳೆ ಕಾಣದ ಮಣ್ಣೇ ಬೇಕು, ಅನುಭವಿ ಕುಶಲಕರ್ಮಿ ಅದನ್ನು ನಾಲಿಗೆಗೆ ತಾಗಿಸಿಯೇ ಗುರುತಿಸುತ್ತಾನೆ ಎಂಬ ವಿವರಗಳು ಪ್ರವಾಸಿ ಕೈಪಿಡಿಗಳಿಂದ ಹಿಡಿದು ಸರ್ಕಾರಿ ಪ್ರಕಟಣೆಗಳವರೆಗೆ ಮರಳಿ ಮರಳಿ ಬರುತ್ತವೆ. ಮಣ್ಣಿನ ಗುಣ ನಿಜವಾದದ್ದೇ, ಅದನ್ನು ಅರಿತವರ ಜ್ಞಾನವೂ ಗೌರವಕ್ಕೆ ಅರ್ಹವಾದದ್ದೇ. ಆದರೆ ಉದ್ಯಮದ ರಕ್ಷಣೆಗೆ ಈ ಮಣ್ಣೊಂದನ್ನೇ ಗೋಡೆಯೆಂದು ನಂಬಿರುವುದು ದೊಡ್ಡ ತಪ್ಪು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಬಿಹಾರದ ಪೂರ್ಣಿಯಾ, ಬಂಗಾಳದ ಮುರ್ಷಿದಾಬಾದ್, ಅವಧದ ಲಖನೌ ಪಟ್ಟಣಗಳಲ್ಲಿಯೂ ಬಿದರಿ ತಯಾರಾಗುತ್ತಿತ್ತು, ಹೈದರಾಬಾದಿನಲ್ಲಿ ಇಂದಿಗೂ ತಯಾರಾಗುತ್ತದೆ. ಅಷ್ಟು ದೂರದ ಊರುಗಳ ಪಾತ್ರೆಗಳೂ ಕಪ್ಪಾಗಿಯೇ ಇದ್ದವು. ಸೂಸನ್ ಲಾ ನೀಸ್ ಮತ್ತು ಗ್ರೇಮ್ ಮಾರ್ಟಿನ್ 1987ರಲ್ಲಿ ಪ್ರಕಟಿಸಿದ ತಾಂತ್ರಿಕ ಅಧ್ಯಯನವು ಈ ಕಪ್ಪು ಮೂಡಲು ಸತುವಿನಲ್ಲಿ ಬೆರೆತ ತಾಮ್ರದ ಅಂಶ ಮುಖ್ಯವೆಂದು ತೋರಿಸಿತು. ಹಾಗಾದರೆ ಬೇರೆಡೆ ಸುಲಭವಾಗಿ ಅನುಕರಿಸಲಾಗದ್ದು ಯಾವುದು? ಮೂರನೆಯ ಮತ್ತು ನಾಲ್ಕನೆಯ ಹಂತಗಳು, ಅಂದರೆ ಬೆಳ್ಳಿ ಕಳಚದಂತೆ ಒಂದೇ ಆಳದಲ್ಲಿ, ಒಂದೇ ಓರೆಯಲ್ಲಿ ಉಳಿಯನ್ನು ನಡೆಸುವ ಕೈ. ಆ ಕೈ ಪಳಗಲು ವರ್ಷಗಳೇ ಬೇಕು, ಅದಕ್ಕೆ ಬದಲಿ ಯಂತ್ರ ಕೆಲಸಕ್ಕೆ ಬಂದಿಲ್ಲ. ಉದ್ಯಮದ ನಿಜವಾದ ಬಂಡವಾಳ ಅಲ್ಲಿದೆ. ಮಾತು, ಪ್ರಚಾರ ಮತ್ತು ಅಭಿಮಾನಗಳೆಲ್ಲ ಮಾತ್ರ ಮಣ್ಣಿನ ಕಡೆಗೇ ಹರಿದಿವೆ.

ಜರ್ಮನಿಯ ಉದ್ಯಮಶಾಸ್ತ್ರಜ್ಞ ಹರ್ಮನ್ ಸೈಮನ್, ಸಾಮಾನ್ಯ ಗ್ರಾಹಕನಿಗೆ ಹೆಸರೇ ತಿಳಿಯದ, ಆದರೆ ತಮ್ಮ ಕಿರಿದಾದ ಕ್ಷೇತ್ರದಲ್ಲಿ ಜಗತ್ತಿನ ಮೊದಲ ಸ್ಥಾನಗಳಲ್ಲಿರುವ ಮಧ್ಯಮ ಗಾತ್ರದ ಕಂಪನಿಗಳನ್ನು ‘ಹಿಡನ್ ಚಾಂಪಿಯನ್ಸ್’, ಅಂದರೆ ಮರೆಯಲ್ಲಿರುವ ವಿಜೇತರು, ಎಂದು ಕರೆದು ಅವುಗಳ ನಡೆಯನ್ನು ವಿವರಿಸಿದ್ದಾರೆ. ಸರಕನ್ನು ಕಿರಿದಾಗಿ ಇಟ್ಟುಕೊಂಡು ಮಾರುಕಟ್ಟೆಯನ್ನು ಜಗತ್ತಿನಷ್ಟು ಅಗಲ ಮಾಡಿಕೊಳ್ಳುವುದು, ಬಳಸುವವನೊಂದಿಗೆ ನೇರ ಸಂಪರ್ಕ ಇಟ್ಟುಕೊಳ್ಳುವುದು, ಮುಖ್ಯ ಕೌಶಲವನ್ನು ಹೊರಗಿನವರಿಗೆ ಬಿಟ್ಟುಕೊಡದೆ ತಮ್ಮಲ್ಲೇ ಬೆಳೆಸುವುದು ಅವುಗಳ ಲಕ್ಷಣ. ಈ ಮೂರರಲ್ಲಿ ಬಿದರಿಗೆ ಮೊದಲನೆಯದು ಹಿಂದೊಮ್ಮೆ ಇತ್ತು. ಬಹಮನಿ ಸುಲ್ತಾನರ ಕಾಲದಲ್ಲಿ ನೆಲೆಗೊಂಡಿತೆಂದು ಪರಂಪರೆ ಹೇಳುವ ಈ ಕಸುಬಿನ ವಸ್ತುಗಳು 1851ರ ಲಂಡನ್ ಮಹಾಪ್ರದರ್ಶನದವರೆಗೆ ಹೋಗಿ ಅಲ್ಲಿನ ಸಂಗ್ರಹಾಲಯಗಳನ್ನು ಸೇರಿದವು. ಎರಡನೆಯದೂ ಇತ್ತು: ಹುಕ್ಕಾದ ಬುಡ, ಸುರಾಹಿ, ಪಾನ್‌ದಾನ್‌ಗಳು ದಿನವೂ ಕೈಗೆ ಬರುವ ವಸ್ತುಗಳಾಗಿದ್ದು, ಅವುಗಳ ತೂಕ, ಸಮತೋಲ, ಬೆಸುಗೆಗಳನ್ನು ಬಳಸುವವನೇ ಪರೀಕ್ಷಿಸುತ್ತಿದ್ದನು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ, ಪೋಷಿಸಿದ ಮನೆತನಗಳೂ ಕೊಳ್ಳುವ ಪೇಟೆಯೂ ಗಡಿಯ ಆಚೆಗೆ, ಹೈದರಾಬಾದಿನಲ್ಲಿ, ಉಳಿದವು. ರಾಜ್ಯ ಮರುವಿಂಗಡಣೆಯ ಚರ್ಚೆಗಳಲ್ಲಿ ಭಾಷೆಯ ಲಾಭ ಸರಿಯಾಗಿಯೇ ಎದ್ದು ಕಂಡಿತಾದರೂ, ಒಂದು ಕಸುಬು ತನ್ನ ಗ್ರಾಹಕನಿಂದ ಹೀಗೆ ಬೇರ್ಪಟ್ಟಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಆ ಗ್ರಾಹಕನ ಜಾಗಕ್ಕೆ ಬಂದದ್ದು ನೆನಪಿನ ಕಾಣಿಕೆಯ ಮಾರುಕಟ್ಟೆ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಮತ್ತು ಅದರ ಕಾವೇರಿ ಮಳಿಗೆಗಳು ಸಂಕಷ್ಟದ ದಶಕಗಳಲ್ಲಿ ಬಿದರಿಗೆ ಆಸರೆಯಾದವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಗಣ್ಯರಿಗೆ ಕೊಡುವ ಹೂದಾನಿ, ಫಲಕ, ಆನೆ-ನವಿಲುಗಳ ಖರೀದಿಯಿಂದ ಅನೇಕ ಒಲೆಗಳು ಉರಿದಿವೆ. ಆದರೆ ಕಾಣಿಕೆಯನ್ನು ಕೊಳ್ಳುವವನು ಅದನ್ನು ಬಳಸುವವನಲ್ಲ, ಪಡೆದವನು ಅದನ್ನು ಕಪಾಟಿನ ಗಾಜಿನ ಹಿಂದೆ ಇಡುತ್ತಾನೆ. ಹೀಗಾಗಿ ಕೆಲಸದ ಗುಣವನ್ನು ಪರೀಕ್ಷಿಸುವವರೇ ಇಲ್ಲದೆ, ಮುಂಗಡವಾಗಿ ನಿಗದಿಯಾದ ಮೊತ್ತದೊಳಗೆ ಇಷ್ಟು ಸಂಖ್ಯೆ ಬೇಕೆಂಬ ಬೇಡಿಕೆಯೇ ವಿನ್ಯಾಸವನ್ನು ನಿರ್ಧರಿಸುತ್ತದೆ. ಹಳೆಯ ತುಣುಕುಗಳಲ್ಲಿ ಇಡೀ ಮೈಯನ್ನು ಆವರಿಸಿದ ದಟ್ಟ ಬಳ್ಳಿಯ ಜಾಗದಲ್ಲಿ ಎರಡು ಹೂವು, ನಾಲ್ಕು ಗೆರೆ ಉಳಿಯುವುದಕ್ಕೆ ಕಾರಣ ಕುಶಲಕರ್ಮಿಯ ಸೋಮಾರಿತನವಲ್ಲ, ಈ ಖರೀದಿಯ ಕ್ರಮ.

ಬೆಳ್ಳಿಯ ಬೆಲೆ ಈ ಒತ್ತಡವನ್ನು ಇನ್ನಷ್ಟು ಬಿಗಿಮಾಡಿದೆ. 2005ರ ಸುಮಾರಿಗೆ ಕಿಲೋ ಬೆಳ್ಳಿಗೆ ಸುಮಾರು 10,000ದಿಂದ 12,000 ರೂಪಾಯಿ ಇದ್ದ ಧಾರಣೆ 2025ರಲ್ಲಿ 1 ಲಕ್ಷವನ್ನು ದಾಟಿ ಮುಂದೆ ಹೋಯಿತು. ಕಾರ್ಖಾನೆಯೆಂದು ಕರೆಯಲ್ಪಡುವ ಎರಡು ಕೋಣೆಯ ಮನೆಯಲ್ಲಿ ಕೂತ ಕುಟುಂಬ ಬೆಳ್ಳಿಯನ್ನು ರೊಕ್ಕ ಕೊಟ್ಟು ತರಬೇಕು, ಸರಕು ಮಾರಾಟವಾಗಿ ಹಣ ಕೈಸೇರಲು ಕಾಯಬೇಕು; ಆ ನಡುವಿನ ಅವಧಿಯನ್ನು ತಾಳುವ ಶಕ್ತಿ ಯಾರಿಗಿದೆಯೋ ಅವರೇ ಬೆಲೆ ಹೇಳುವವರಾಗುತ್ತಾರೆ. ಬೆಳ್ಳಿ ಕೊಡುವ ವ್ಯಾಪಾರಿಯೇ ಸರಕು ಕೊಳ್ಳುವವನೂ ಆದಾಗ ಕೆತ್ತುವವನು ಕೂಲಿಗೆ ಇಳಿಯುವುದು ಅನಿವಾರ್ಯ. ಯಾವ ಕಿರು ಉದ್ಯಮದಲ್ಲಿಯೂ ದುಡಿಯುವ ಬಂಡವಾಳ, ಅಂದರೆ ಕಚ್ಚಾಮಾಲು ಕೊಂಡಾಗಿನಿಂದ ಸರಕಿನ ಹಣ ಬರುವವರೆಗೆ ಕೈಯಲ್ಲಿರಬೇಕಾದ ಹಣ, ಕೌಶಲದಷ್ಟೇ ನಿರ್ಣಾಯಕವಾದದ್ದು. ಚಿನ್ನಾಭರಣ ವ್ಯಾಪಾರದಲ್ಲಿ ಬ್ಯಾಂಕುಗಳು ಹಣದ ಬದಲು ಚಿನ್ನವನ್ನೇ ಸಾಲವಾಗಿ ಕೊಡುವ ‘ಗೋಲ್ಡ್ ಮೆಟಲ್ ಲೋನ್’ ಎಂಬ ವ್ಯವಸ್ಥೆಯಿದ್ದು, ಧಾರಣೆಯ ಏರಿಳಿತದ ಭಯ ಅದರಿಂದ ತಗ್ಗುತ್ತದೆ. ಬಿದರಿಗೆ ಬೇಕಾದದ್ದು ಅಂಥದೇ ಬೆಳ್ಳಿಯ ಸಾಲ, ಅದೂ ಗ್ರಾಂ ಲೆಕ್ಕದಲ್ಲಿ. ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವುದರಲ್ಲಿ ನಾಡಿನಲ್ಲಿಯೇ ಹೆಸರಾದ ಬೀದರ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕು ಇರುವ ಜಿಲ್ಲೆಯಲ್ಲಿ ಇದು ಆಗದ ಕೆಲಸವೇನಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿ ಸಾಲ ಕೊಡುತ್ತದೆಯಾದರೂ, ಅದರ 18 ಕಸುಬುಗಳ ಪಟ್ಟಿಯಲ್ಲಿ ಅಕ್ಕಸಾಲಿಗ, ಕಮ್ಮಾರ, ಶಿಲ್ಪಿಗಳಿದ್ದು ಬಿದರಿಯ ಹೆಸರಿಲ್ಲ.

2006ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯ ಮೇಲೆ ಇಟ್ಟ ನಿರೀಕ್ಷೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. ಒಂದು ಸರಕಿನ ಗುಣ ಅದರ ಊರಿಗೆ ಸಂಬಂಧಿಸಿದ್ದೆಂದು ಕಾನೂನು ಒಪ್ಪಿ, ಆ ಹೆಸರನ್ನು ಬೇರೆಯವರು ಬಳಸದಂತೆ ತಡೆಯುವ ಹಕ್ಕು ಕೊಡುವುದೇ ಜಿಐ. ಆದರೆ ಹಕ್ಕು ತಾನಾಗಿ ಕೆಲಸ ಮಾಡುವುದಿಲ್ಲ. ಹೆಸರಿನ ಹಿಂದೆ ಒಂದು ಗುಣಮಟ್ಟವೂ ಆ ಗುಣಮಟ್ಟದ ಹಿಂದೆ ಒಂದು ತಪಾಸಣೆಯೂ ಇರಬೇಕು. ಚೂರಿ-ಕತ್ತರಿಗಳಿಗೆ ಹೆಸರಾದ ಜರ್ಮನಿಯ ಝೋಲಿಂಗೆನ್ ಪಟ್ಟಣದ ಹೆಸರನ್ನು 1938ರ ಕಾನೂನು ರಕ್ಷಿಸಿತು. ಅಲ್ಲಿ ತಯಾರಿಕೆಯ ಮುಖ್ಯ ಹಂತಗಳೆಲ್ಲ ಆ ಪ್ರದೇಶದೊಳಗೇ ನಡೆದಿರಬೇಕು, ಲೋಹವೂ ಕೆಲಸಕ್ಕೆ ತಕ್ಕದ್ದಾಗಿರಬೇಕು ಎಂಬ ಷರತ್ತುಗಳಿದ್ದು, ಅವನ್ನು ಕಾಯುವ ಸಂಸ್ಥೆಯೂ ಇದೆ. ಬಿದರಿಯಲ್ಲಿ ಬೆಳ್ಳಿಯ ಬದಲು ಬೇರೊಂದು ಬಿಳಿ ಲೋಹದ ತಂತಿ ಕೂರಿಸಿದರೂ ಅಂಗಡಿಯ ದೀಪದಲ್ಲಿ ಸಾಮಾನ್ಯ ಗ್ರಾಹಕನಿಗೆ ಅದು ತಿಳಿಯದು. ಚಿನ್ನಾಭರಣಕ್ಕೆ 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ದೇಶದಲ್ಲಿ, ಬಿದರಿಯ ತಳದಲ್ಲಿ ಬೆಳ್ಳಿಯ ತೂಕ ಮತ್ತು ಕೆತ್ತಿದವನ ಗುರುತು ಒತ್ತುವಷ್ಟು ಸರಳ ಕ್ರಮವೇ ಈ ಮಾನ್ಯತೆಗೆ ಅರ್ಥ ತಂದುಕೊಡಬಲ್ಲದು.

ಕೆತ್ತಿದವನ ಗುರುತೆಂಬ ಮಾತು ಇಲ್ಲಿ ಹಗುರವಾಗಿ ಬಂದದ್ದಲ್ಲ. ಬಿದರಿ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಇಡೀ ಬೀದರ ಹೆಮ್ಮೆಪಟ್ಟ ಸಂಗತಿ, ಆ ಗೌರವಕ್ಕೆ ಅವರ ಜೀವಮಾನದ ದುಡಿಮೆ ತಕ್ಕದ್ದಾಗಿಯೂ ಇದೆ. ಆದರೆ ಬಿದರಿಯ ಸ್ವಭಾವವೇ ಹಲವು ಕೈಗಳ ಕೆಲಸ. ಪ್ರಶಸ್ತಿಯ ಪದ್ಧತಿ ಒಬ್ಬ ಉಸ್ತಾದನನ್ನು ಮಾತ್ರ ಕಾಣಬಲ್ಲದು, ಎರಕದವನನ್ನೂ ಉಜ್ಜುವವನನ್ನೂ ಕಾಣಲಾರದು. ಮಗ ಈ ಕಸುಬಿಗೆ ಬರಬೇಕೋ, ಹೈದರಾಬಾದಿನಲ್ಲೋ ಪುಣೆಯಲ್ಲೋ ಸಂಬಳದ ಕೆಲಸ ಹುಡುಕಬೇಕೋ ಎಂದು ಮನೆಯಲ್ಲಿ ನಿರ್ಧಾರವಾಗುವುದು ಪದಕ ನೋಡಿಯಲ್ಲ, ತಿಂಗಳ ಗಳಿಕೆ ನೋಡಿ. ಕೆಲವು ವಾರಗಳ ತರಬೇತಿ ಶಿಬಿರ ನಡೆಸಿ ಪ್ರಮಾಣಪತ್ರ ಹಂಚುವುದರಿಂದ ಕೆತ್ತುವ ಕೈ ತಯಾರಾಗುವುದಿಲ್ಲ. ಕಲಿಯುವ ವರ್ಷಗಳುದ್ದಕ್ಕೂ ಗೌರವಧನ ಕೊಡುವ ಶಿಷ್ಯವೃತ್ತಿಯ ಏರ್ಪಾಡು ಇಲ್ಲದಿದ್ದರೆ ಉಳಿದ ಯಾವ ಯೋಜನೆಯೂ ಮುಂದಿನ ತಲೆಮಾರಿಗೆ ಕಸುಬನ್ನು ದಾಟಿಸಲಾರದು.

ಯಂತ್ರಗಳ ವಿಷಯದಲ್ಲಿ ಹಿಂಜರಿಕೆ ಬೇಕಾಗಿಲ್ಲ. ಬಿದರಿಯೊಂದಿಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಜಿಐ ಪಡೆದ ಚನ್ನಪಟ್ಟಣದ ಆಟಿಕೆ ಉದ್ಯಮ ವಿದ್ಯುತ್ ಚರಕಿಯನ್ನು ಒಪ್ಪಿಕೊಂಡೂ ಅರಗಿನ ಬಣ್ಣ ಹಚ್ಚುವ ತನ್ನ ಕೈಚಳಕವನ್ನು ಬಿಟ್ಟಿಲ್ಲ. ಬಿದರಿಯಲ್ಲಿಯೂ ಎರಕ ಹೊಯ್ಯುವುದನ್ನು ಮತ್ತು ಉಜ್ಜುವುದನ್ನು ಯಂತ್ರಕ್ಕೆ ವಹಿಸಿ, ಉಳಿದ ಹೊತ್ತನ್ನೆಲ್ಲ ಉಳಿಗೆ ಕೊಡುವುದು ಕಲೆಗೆ ದ್ರೋಹವಲ್ಲ, ಅದರ ತಿರುಳನ್ನು ಉಳಿಸಿಕೊಳ್ಳುವ ದಾರಿ. ಕೆತ್ತನೆಗೆ ಕುಲುಮೆ ಬೇಡ, ವಿದ್ಯುತ್ತೂ ಬೇಡ; ಎರಕವಾದ ತುಣುಕುಗಳು ಬೀದರ ನಗರದಿಂದ ಭಾಲ್ಕಿಗೂ ಔರಾದಿಗೂ ಸಾಯಗಾಂವಿಗೂ ಹೋಗಿ ಕೆತ್ತನೆಯಾಗಿ ಮರಳಬಹುದು. ನಗರದ ಕೆಲವೇ ಓಣಿಗಳ ಕುಟುಂಬಗಳಲ್ಲಿ ಉಳಿದ ವಿದ್ಯೆಯನ್ನು ಹಾಗೆ ಹರಡಲು ಆ ಕುಟುಂಬಗಳ ಒಪ್ಪಿಗೆಯೂ ಲಾಭದಲ್ಲಿ ಅವರ ಪಾಲೂ ಮೊದಲ ಷರತ್ತಾಗಬೇಕು.

ಮತ್ತೆ ಮತ್ತೆ ಬರುವ ಗ್ರಾಹಕನನ್ನು ಹುಡುಕುವುದಾದರೆ ಅವನು ಕಾಣಿಕೆಯ ಪೇಟೆಯಲ್ಲಿ ಸಿಗುವುದಕ್ಕಿಂತ ಕಟ್ಟಡದ ಕೆಲಸದಲ್ಲಿ ಸಿಗುವ ಸಂಭವ ಹೆಚ್ಚು. ಬಾಗಿಲ ಹಿಡಿ, ಕಪಾಟಿನ ಗುಂಡಿ, ಗೋಡೆಯ ಬಿಲ್ಲೆಗಳನ್ನು ವಾಸ್ತುಶಿಲ್ಪಿಯೊಬ್ಬ ಒಂದು ಹೋಟೆಲಿಗೆ ಒಮ್ಮೆ ಬಳಸಿ ತೃಪ್ತನಾದರೆ ಮುಂದಿನ ಕಟ್ಟಡಕ್ಕೂ ಕೇಳುತ್ತಾನೆ. ಆದರೆ ಅವನು ಕೇಳುವ ಮೊದಲ ಪ್ರಶ್ನೆಗೆ ಉದ್ಯಮ ಉತ್ತರ ಸಿದ್ಧಪಡಿಸಿಕೊಂಡಿರಬೇಕು: ದಿನಕ್ಕೆ ನೂರು ಕೈಗಳ ಬೆವರು ತಾಗುವ ಹಿಡಿಯ ಮೇಲೆ ಈ ಕಪ್ಪು ಎಷ್ಟು ವರ್ಷ ನಿಲ್ಲುತ್ತದೆ, ಮಾಸಿದರೆ ಅಲ್ಲಿಯೇ ಮರಳಿ ಕಪ್ಪಾಗಿಸಲು ಬರುತ್ತದೆಯೇ, ಬೀಳುವ ಪೆಟ್ಟಿಗೆ ಸತುವಿನ ಎರಕ ಸೀಳುತ್ತದೆಯೇ. ತಾಮ್ರದ ಪ್ರಮಾಣವನ್ನು ಸ್ವಲ್ಪ ಸ್ವಲ್ಪ ಬದಲಿಸಿ, ಬೇರೆ ಬೇರೆ ಮಣ್ಣು ಮತ್ತು ಲೇಪಗಳನ್ನು ಪ್ರಯೋಗಿಸಿ, ಸವೆತವನ್ನು ಅಳೆದು ಬರೆದಿಡುವ ಈ ಕೆಲಸಕ್ಕೆ ದೂರದ ಪ್ರಯೋಗಾಲಯವನ್ನು ಕಾಯಬೇಕಾಗಿಲ್ಲ. ಬೀದರಿನ ಗುರುನಾನಕ್ ದೇವ್ ಮತ್ತು ಭಾಲ್ಕಿಯ ಭೀಮಣ್ಣ ಖಂಡ್ರೆ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಉಸ್ತಾದರ ಪಕ್ಕದಲ್ಲಿ ಕೂತು ಒಂದೆರಡು ವರ್ಷ ದುಡಿದರೆ ಬಿದರಿ ತನ್ನ ಸರಕಿಗೆ ಲಿಖಿತ ಖಾತರಿ ಕೊಡುವ ಸ್ಥಿತಿಗೆ ಬರಬಲ್ಲದು.